ಬಾಡಿಗೆ ನೆರವಿನ ವೋಚರ್: ಅಮೆರಿಕದ ಒಂದು ಪ್ರಯೋಗ

ಹಸಿದವನಿಗೆ ಒಂದು ಹೊತ್ತು ಅನ್ನವಿಕ್ಕಬಹುದು. ಆದರೆ ಬಡ ಸಂಸಾರವೊಂದಕ್ಕೆ ಸೂರು ಒದಗಿಸುವುದು ತಿಂಗಳು ತಿಂಗಳೂ ಹೊರಬೇಕಾದ ಹೊಣೆ. ಸರ್ಕಾರವೊಂದು ಈ ಹೊಣೆಯನ್ನು ಹೇಗೆ ನಿರ್ವಹಿಸಬೇಕು? ಮನೆಯನ್ನೇ ಕಟ್ಟಿಕೊಡಬೇಕೆ, ಬಾಡಿಗೆ ತೆರಲು ನೆರವಾಗಬೇಕೆ? ಅಮೆರಿಕ ಸಂಯುಕ್ತ ಸಂಸ್ಥಾನವು ಈ ಎರಡು ಮಾರ್ಗಗಳನ್ನೂ ಪರೀಕ್ಷಿಸಿ ನೋಡಿದ ಚರಿತ್ರೆ ವಿಚಾರಾರ್ಹವಾಗಿದೆ.

1937ರ ವಸತಿ ಕಾಯಿದೆಯು ಮೊದಲನೆಯ ಮಾರ್ಗವನ್ನು ಹಿಡಿಯಿತು. ಸ್ಥಳೀಯ ವಸತಿ ಪ್ರಾಧಿಕಾರಗಳು ಕೇಂದ್ರದ ನೆರವಿನಿಂದ ಮನೆಗಳನ್ನು ಕಟ್ಟಿ ಅಲ್ಪಾದಾಯದವರಿಗೆ ಕಡಮೆ ಬಾಡಿಗೆಗೆ ಕೊಟ್ಟವು. ಉದ್ದೇಶವೇನೋ ಒಳ್ಳೆಯದೇ. ಆದರೆ ಅನೇಕ ನಗರಗಳಲ್ಲಿ ಬಡವರನ್ನೆಲ್ಲ ಒಂದೆಡೆ ಸೇರಿಸಿ ಉಳಿದ ಊರಿನಿಂದ ಬೇರ್ಪಡಿಸಿದಂತಾಯಿತು. ಸೇಂಟ್ ಲೂಯಿಸ್ ನಗರದಲ್ಲಿ 1950ರ ದಶಕದಲ್ಲಿ ಎದ್ದ ಪ್ರೂಯಿಟ್-ಐಗೋ ವಸತಿ ಸಮುಚ್ಚಯದ 33 ಕಟ್ಟಡಗಳು, ಒಂದೊಂದೂ 11 ಅಂತಸ್ತಿನವು, ನಿರ್ವಹಣೆಯಿಲ್ಲದೆ ಹಾಳುಬಿದ್ದವು. 1972ರಲ್ಲಿ ಅವುಗಳನ್ನು ಕೆಡಹುವ ಕಾರ್ಯ ಆರಂಭವಾಯಿತು.

1973ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ನರ ಆಡಳಿತವು ಹೊಸ ವಸತಿ ಯೋಜನೆಗಳಿಗೆ ಹಣ ನೀಡುವುದನ್ನು ತಡೆಹಿಡಿಯಿತು. ಮರುವರ್ಷ ಆಗಸ್ಟ್‌ನಲ್ಲಿ ಅಧ್ಯಕ್ಷ ಫೋರ್ಡ್ ಅವರ ಅಂಕಿತದೊಡನೆ ಜಾರಿಗೆ ಬಂದ ಕಾಯಿದೆಯು ಎರಡನೆಯ ಮಾರ್ಗವನ್ನು ತೆರೆಯಿತು. ‘ಸೆಕ್ಷನ್ 8’ ಎಂದು ಇಂದಿಗೂ ಜನ ಕರೆಯುವುದು ಇದನ್ನೇ. ಇದರಂತೆ ಕುಟುಂಬವು ಖಾಸಗಿ ಮಾಲೀಕರ ಮನೆಯನ್ನು ತಾನೇ ಹುಡುಕಿಕೊಳ್ಳಬಹುದು. ಆಗ ಅದು ತನ್ನ ಆದಾಯದ ಶೇಕಡ 25ರಷ್ಟನ್ನು ಬಾಡಿಗೆಗೆ ಕೊಡಬೇಕಿತ್ತು. 1981ರ ಕಾಯಿದೆ ಈ ಪಾಲನ್ನು ಶೇಕಡ 30ಕ್ಕೆ ಏರಿಸಿತು. 1980ರ ದಶಕದಲ್ಲಿ ವೋಚರ್ ಎಂಬ ಇನ್ನೊಂದು ರೂಪವೂ ಸೇರಿ, 1998ರ ಕಾಯಿದೆಯಿಂದ ಎರಡೂ ಒಂದಾದವು.

ಇದರ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ನಿಯಮದಂತೆ ಕಳೆಯಬೇಕಾದುದನ್ನು ಕಳೆದು ಕುಟುಂಬವೊಂದರ ಮಾಸಿಕ ಆದಾಯ 1,000 ಡಾಲರ್ ಎಂದುಕೊಳ್ಳೋಣ. ಆ ಪ್ರದೇಶಕ್ಕೆ ಪ್ರಾಧಿಕಾರ ಗೊತ್ತುಮಾಡಿದ ಬಾಡಿಗೆಯ ಮಿತಿ 1,200 ಡಾಲರ್. ಕುಟುಂಬವು 300 ಡಾಲರ್ ಕೊಟ್ಟರೆ ಉಳಿದ 900 ಡಾಲರನ್ನು ಪ್ರಾಧಿಕಾರವು ನೇರವಾಗಿ ಮಾಲೀಕನಿಗೆ ಸಲ್ಲಿಸುತ್ತದೆ. ಬಾಡಿಗೆ 1,300 ಆದರೆ ಹೆಚ್ಚಿನ 100 ಡಾಲರ್ ಕುಟುಂಬದ್ದೇ. ಆದರೆ ಹೊಸ ಮನೆ ಹಿಡಿಯುವಾಗ ಅದರ ಪಾಲು ಆದಾಯದ ಶೇಕಡ 40ನ್ನು ಮೀರುವಂತಿಲ್ಲ. ಮನೆ ವಾಸಯೋಗ್ಯವೇ ಎಂಬುದರ ತಪಾಸಣೆಯೂ ಕಡ್ಡಾಯ.

ಆಯ್ಕೆಯ ಈ ಸ್ವಾತಂತ್ರ್ಯ ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ಒಂದು ಅಧ್ಯಯನ ಸಾಕ್ಷಿಯಾಗಿದೆ. 1994ರಿಂದ 1998ರವರೆಗೆ ಬಾಸ್ಟನ್, ಬಾಲ್ಟಿಮೋರ್, ಶಿಕಾಗೋ, ಲಾಸ್ ಏಂಜಲೀಸ್ ಮತ್ತು ನ್ಯೂಯಾರ್ಕ್ ನಗರಗಳ ಸುಮಾರು 4,600 ಕುಟುಂಬಗಳನ್ನು ಚೀಟಿಯೆತ್ತಿ ವಿಂಗಡಿಸಿ, ಒಂದು ಗುಂಪಿಗೆ ಬಡತನ ಕಡಮೆಯಿರುವ ಬಡಾವಣೆಗಳಲ್ಲಿ ಮಾತ್ರ ಬಳಸಬಹುದಾದ ವೋಚರ್ ಕೊಡಲಾಯಿತು. ಅದರಿಂದ ತಂದೆತಾಯಿಗಳ ಗಳಿಕೆಯೇನೂ ಹೆಚ್ಚಲಿಲ್ಲ. ಆದರೆ 13 ವರ್ಷ ತುಂಬುವ ಮುನ್ನ ಅಲ್ಲಿಗೆ ಹೋದ ಮಕ್ಕಳು ಬೆಳೆದಮೇಲೆ ಶೇಕಡ 31ರಷ್ಟು ಹೆಚ್ಚು ಗಳಿಸಿದರೆಂದು ರಾಜ್ ಚೆಟ್ಟಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಬಂಧ ತೋರಿಸಿತು. ನೆರವಿನ ಫಲ ಮುಂದಿನ ತಲೆಮಾರಿನಲ್ಲಿ ಕಾಣಿಸಿಕೊಂಡಿತು.

ಹಾಗೆಂದು ಈ ವ್ಯವಸ್ಥೆ ನ್ಯಾಯದಲ್ಲಿ ಪೂರ್ಣವಾದುದಲ್ಲ. ಆಹಾರದ ನೆರವು ಅರ್ಹರೆಲ್ಲರಿಗೂ ಸಲ್ಲುವ ಹಕ್ಕಾಗಿದೆ. ವಸತಿಯ ನೆರವು ಹಾಗಲ್ಲ. ಸಂಸತ್ತು ಒದಗಿಸುವ ಹಣ ಎಷ್ಟೋ ಅಷ್ಟೇ. ಸುಮಾರು 23 ಲಕ್ಷ ಕುಟುಂಬಗಳು ವೋಚರ್ ಬಳಸುತ್ತಿದ್ದರೂ, ಅರ್ಹ ಕುಟುಂಬಗಳಲ್ಲಿ ನಾಲ್ಕಕ್ಕೆ ಒಂದರಷ್ಟಕ್ಕೆ ಮಾತ್ರ ಕೇಂದ್ರದ ಯಾವುದಾದರೊಂದು ಬಾಡಿಗೆ ನೆರವು ದೊರೆಯುತ್ತದೆ. ಉಳಿದವರು ವರ್ಷಗಟ್ಟಲೆ ಸರದಿ ಕಾಯಬೇಕು. ಸರದಿ ಬಂದಮೇಲೂ ಮನೆ ಹುಡುಕಲು ಮೊದಲಿಗೆ ಖಚಿತವಾಗಿ ಸಿಗುವ ಅವಧಿ 60 ದಿನಗಳು. ಅಷ್ಟರಲ್ಲಿ ಒಪ್ಪುವ ಮಾಲೀಕ ಸಿಕ್ಕದಿದ್ದರೆ, ಅವಧಿ ವಿಸ್ತರಣೆಯಾಗದ ಹೊರತು, ಕೈಗೆ ಬಂದ ವೋಚರ್ ವ್ಯರ್ಥ. ವೋಚರ್ ಹೊಂದಿದವರನ್ನು ಆ ಕಾರಣಕ್ಕಾಗಿಯೇ ನಿರಾಕರಿಸುವುದನ್ನು ಹಲವು ರಾಜ್ಯಗಳೂ ನಗರಗಳೂ ನಿಷೇಧಿಸಿವೆ. ದೇಶಕ್ಕೆಲ್ಲ ಅನ್ವಯಿಸುವ ಅಂಥ ಕಾಯಿದೆ ಇಲ್ಲ.

ಪಡೆಯುವವನನ್ನು ಪ್ರತ್ಯೇಕಿಸಿ ನಿಲ್ಲಿಸದೆ, ನಾಲ್ಕು ಜನರ ನಡುವೆ ಸಮಾನನಾಗಿ ಬಾಳಗೊಡುವುದೇ ಈ ನೆರವಿನ ಹಿರಿಮೆ. ಆದರೆ ಸರ್ಕಾರದ ಹಣವೊಂದರಿಂದಲೇ ಅದು ಕೈಗೂಡುವುದಿಲ್ಲ. ಕಾಯಿದೆಯ ಒತ್ತಾಯವಿಲ್ಲದ ಕಡೆಯಲ್ಲೂ ಬಡ ಕುಟುಂಬಕ್ಕೆ ಬಾಗಿಲು ತೆರೆಯುವ ಮನೆಯೊಡೆಯನ ಸಮ್ಮತಿಯೂ ಅದರಷ್ಟೇ ಅಗತ್ಯ. ಮನೆಗಳನ್ನು ಬಾಡಿಗೆಗೆ ಕೊಡುವ ಎಲ್ಲರೂ, ವ್ಯಕ್ತಿಯಾಗಲಿ ಸಂಸ್ಥೆಯಾಗಲಿ, ಈ ಮಾತನ್ನು ಮನನ ಮಾಡುವುದು ಉಚಿತ.