ಚೂರು ಕಾಗದದ ಚರಿತ್ರೆ

ದಾರಿಯಲ್ಲಿ ಉರ್ದು ಅಕ್ಷರಗಳಿರುವ ಕಾಗದದ ಚೂರು ಕಂಡರೆ ನಾವು ತುಳಿಯುವುದಿಲ್ಲ. ಎತ್ತಿ ಕಣ್ಣಿಗೊತ್ತಿಕೊಂಡು ಗೋಡೆಯ ಸಂದಿಯಲ್ಲಿಡುತ್ತೇವೆ. ಅದರಲ್ಲಿ ಅಲ್ಲಾಹನ ಹೆಸರಿದ್ದೀತು ಎಂಬ ಅಂಜಿಕೆ. ಲಕಮನಹಳ್ಳಿಯ ನಮ್ಮ ಮನೆಯಲ್ಲಿ ಹಿರಿಯರು ಕಲಿಸಿದ ರೂಢಿ ಇದು. ಇಂಥದೇ ರೂಢಿ ಯಹೂದಿಗಳಲ್ಲೂ ಇದೆ. ಅದರಿಂದಾಗಿಯೇ ಕನ್ನಡ ನಾಡಿನ ಚರಿತ್ರೆಯ ಒಂದು ಪುಟ ಉಳಿದುಕೊಂಡಿತು. ಅಕ್ಷರವನ್ನು ಅವರು ಇಷ್ಟೊಂದು ನೆಚ್ಚಿಕೊಂಡದ್ದೇಕೆ ಎಂದು ತಿಳಿಯಲು ಮೊದಲ ಶತಮಾನದ ಜೆರೂಸಲೇಮಿಗೆ ಹೋಗಬೇಕು.

ಕ್ರಿ.ಶ. 6ರಲ್ಲಿ ರೋಮನ್ನರು ಯೂದಾಯ ಪ್ರಾಂತವನ್ನು ನೇರ ಆಳ್ವಿಕೆಗೆ ತೆಗೆದುಕೊಂಡು, ಕಂದಾಯಕ್ಕಾಗಿ ಜನರ, ಆಸ್ತಿಯ ಲೆಕ್ಕ ಮಾಡಿಸಿದರು. ಯಹೂದಿಗಳು ತಮ್ಮ ಧರ್ಮ ಪಾಲಿಸಲು ಅಡ್ಡಿ ಇರಲಿಲ್ಲ. ಆದರೆ ಪ್ರಧಾನ ಪುರೋಹಿತ ಹಬ್ಬಕ್ಕೆ ಉಡುವ ಬಟ್ಟೆ ಸಹ ಹಲವು ವರ್ಷ ರೋಮನ್ನರ ವಶದಲ್ಲಿತ್ತು. ಕ್ರಿ.ಶ. 40ರ ಸುಮಾರಿಗೆ ಚಕ್ರವರ್ತಿ ಕಲಿಗುಲಾ ತನ್ನ ವಿಗ್ರಹವನ್ನು ಅವರ ದೇವಾಲಯದಲ್ಲಿ ನಿಲ್ಲಿಸಲು ಆಜ್ಞೆ ಮಾಡಿದ. ರೈತರು ಬಿತ್ತನೆ ಬಿಟ್ಟು ರಾಜ್ಯಪಾಲನೆದುರು ಬಂದು ಕುಳಿತರು. ಮರುವರ್ಷ ಕಲಿಗುಲಾ ಕೊಲೆಯಾದ, ವಿಗ್ರಹ ಬರಲಿಲ್ಲ.

66ರಲ್ಲಿ ದಂಗೆಯೆದ್ದಿತು. 70ರಲ್ಲಿ ಟೈಟಸನ ಸೇನೆ ದೇವಾಲಯವನ್ನು ಸುಟ್ಟಿತು. ಯಹೂದಿ ಗಂಡಸರು ದೇವಾಲಯಕ್ಕೆ ವರ್ಷಕ್ಕೊಮ್ಮೆ ಸಲ್ಲಿಸುತ್ತಿದ್ದ ಕಾಣಿಕೆ ಎರಡು ದ್ರಾಕ್ಮಾ. ಅದನ್ನು ರೋಮನ್ನರು ತೆರಿಗೆಯಾಗಿಸಿ, ಹೆಂಗಸರು ಮಕ್ಕಳಿಂದಲೂ ವಸೂಲು ಮಾಡಿ, ರೋಮಿನ ಜುಪಿಟರ್ ದೇವರ ಗುಡಿಗೆ ಸಲ್ಲಿಸತೊಡಗಿದರು. ಸೋತವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ಬಲಿಪೀಠ ಹೋಯಿತು. ಉಳಿದದ್ದು ಓದು, ಪ್ರಾರ್ಥನೆ. ಅದಕ್ಕೆ ಬೇಕಾದ ಮನೆಗಳು ಮೊದಲೇ ಇದ್ದವು. ಥಿಯೊಡೊಟಸ್ ಎಂಬಾತ ಜೆರೂಸಲೇಮಿನಲ್ಲಿ ಕಟ್ಟಿಸಿದ ಸಭಾಮಂದಿರದ ಗ್ರೀಕ್ ಶಾಸನವೊಂದು ಸಿಕ್ಕಿದೆ. ಧರ್ಮಶಾಸ್ತ್ರ ಓದಲು, ಕಲಿಸಲು, ಪರಸ್ಥಳದವರು ತಂಗಲು ಕಟ್ಟಿಸಿದೆ ಎನ್ನುತ್ತದೆ ಅದು. ನೀರಿನ ವ್ಯವಸ್ಥೆಯೂ ಇತ್ತು. ನಮ್ಮ ಮಸೀದಿ, ಮದ್ರಸ, ಮುಸಾಫಿರ್‌ಖಾನೆ ಒಂದೇ ಕಡೆ ಸೇರಿದಂತೆ! ದೇವಾಲಯ ಬಿದ್ದ ಮೇಲೆ ಯಾವ್ನೆ ಊರಿನಲ್ಲಿ ಯೊಹಾನನ್ ಬೆನ್ ಝಕ್ಕಾಯ್ ಮೊದಲಾದ ವಿದ್ವಾಂಸರು ಪಾಠ ಮುಂದುವರಿಸಿದರು. ಕಲ್ಲಿನ ಗುಡಿಯನ್ನು ಕಳೆದುಕೊಂಡವರು ಅಕ್ಷರವನ್ನು ಹೊತ್ತು ದೇಶದೇಶ ಹೋದರು.

ಹಾಗೆ ಹೋದಲ್ಲೆಲ್ಲ, ದೇವರ ಹೆಸರಿರುವ ಹಳೆಯ ಬರಹವನ್ನು ಎಸೆಯದೆ ಕೂಡಿಡುವುದು ಅವರ ಪದ್ಧತಿ. ಆ ಕೋಣೆಗೆ ಗೆನಿಜಾ ಎನ್ನುತ್ತಾರೆ. ಹಳೆಯ ಕೈರೋದ ಬೆನ್ ಎಜ್ರಾ ಮಂದಿರದ ಗೆನಿಜಾದಲ್ಲಿದ್ದ ರಾಶಿಯ ಬಹುಭಾಗವನ್ನು ವಿದ್ವಾಂಸ ಷೆಕ್ಟರ್ 1897ರಲ್ಲಿ ಕೇಂಬ್ರಿಜ್‌ಗೆ ಸಾಗಿಸಿದರು. ಅದರಲ್ಲಿ ನಮ್ಮ ಮಂಗಳೂರು ಇತ್ತು!

ಇಂದಿನ ಟುನೀಶಿಯಾದ ಮಹ್ದಿಯಾದಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ 12ನೇ ಶತಮಾನದಲ್ಲಿ ಕರಾವಳಿಯಲ್ಲಿ ನೆಲೆಸಿ, ಕಂಚಿನ ಪಾತ್ರೆ ಮಾಡಿಸುತ್ತಿದ್ದ. 1132ರಲ್ಲಿ ಆಶು ಎಂಬ ದಾಸಿಯನ್ನು ಮಂಗಳೂರಿನಲ್ಲಿ ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಇಲ್ಲಿ ಕಾಗದ ಸಿಗದೆ ಏಡನ್‌ನಿಂದ ತರಿಸುತ್ತಿದ್ದ. ಅವನ ವ್ಯವಹಾರಕ್ಕೆ ಏಡನ್‌ಗೆ ಹೋಗಿಬರುತ್ತಿದ್ದವನೊಬ್ಬ ಗುಲಾಮ. ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಅವನ ಹೆಸರನ್ನು ತುಳುನಾಡಿನ ಬೊಮ್ಮ ಎಂದು ಓದಿದರು. ಏಡನ್ನಿನ ವರ್ತಕ ಖಲಫ್, ಹೀಬ್ರೂ ಲಿಪಿಯ ಅರಬ್ಬಿಯಲ್ಲಿ ಒಡೆಯನಿಗೆ ಬರೆದ ಪತ್ರದಲ್ಲಿ ಬೊಮ್ಮನಿಗೂ ಸಲಾಮು ತಿಳಿಸಿದ್ದಾನೆ.

ಗುಲಾಮನಿಗೆ ಶಾಸನ ಕೆತ್ತಿಸುವವರು ಯಾರು? ಬೊಮ್ಮ ಉಳಿದದ್ದು ಇನ್ನೊಬ್ಬರ ಕಾಗದದಲ್ಲಿ. ನಾವಾದರೋ ಅಜ್ಜನ ಲೆಕ್ಕದ ವಹಿ, ಹಳೆಯ ಉರ್ದು ಪತ್ರಗಳನ್ನು ರದ್ದಿಯವನಿಗೆ ಕಿಲೋ ಲೆಕ್ಕದಲ್ಲಿ ಕೊಡುತ್ತಿದ್ದೇವೆ. ತೂಗುವ ಮುನ್ನ ಒಮ್ಮೆ ಬಿಚ್ಚಿ ಓದೋಣ. ಯಾವ ಬೊಮ್ಮನಿಗೆ ಯಾರು ಸಲಾಮು ಹೇಳಿದ್ದಾರೋ!