ಆಕಾಶಕ್ಕೂ ಬಾಗಿಲುಂಟು

ಎರಡು ದೂರದ ಊರುಗಳ ನಡುವಿನ ಅಂತರವನ್ನು ನಾವೀಗ ಗಂಟೆಗಳಲ್ಲಿ ಅಳೆಯುತ್ತೇವೆ. ವಿಮಾನಗಳು ಸುಧಾರಿಸಿದಂತೆಲ್ಲ ಈ ಗಂಟೆಗಳು ಕಡಿಮೆಯಾಗುತ್ತಲೇ ಹೋಗುತ್ತವೆ ಎಂಬುದು ನಮ್ಮ ನಂಬಿಕೆ. ಆದರೆ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿ ಮತ್ತು ಜಪಾನಿನ ಟೋಕಿಯೋ ನಡುವಣ ವಿಮಾನಯಾನದ ಇತಿಹಾಸ ಬೇರೆಯದೇ ಪಾಠ ಹೇಳುತ್ತದೆ.

ಈ ನಗರಗಳ ನಡುವಿನ ನೇರ ದೂರ ಸುಮಾರು 7,800 ಕಿಲೋಮೀಟರ್. ಗೋಡೆಯ ಭೂಪಟದಲ್ಲಿ ಗೆರೆ ಎಳೆದರೆ ಅದು ಕಝಾಕಸ್ತಾನ್, ಮಂಗೋಲಿಯಾಗಳನ್ನು ದಾಟಿ ಹೋಗುತ್ತದೆ. ಗ್ಲೋಬಿನ ಮೇಲೆ ದಾರವನ್ನು ಬಿಗಿಯಾಗಿ ಎಳೆದು ನೋಡಿದರೆ ಮಾತ್ರ ನಿಜವಾದ ಹತ್ತಿರದ ದಾರಿ ಕಾಣುತ್ತದೆ. ಅದು ಉತ್ತರಕ್ಕೆ ಬಾಗಿ ಸೈಬೀರಿಯಾದ ಮೇಲೆ ಹಾಯುತ್ತದೆ.

ಶೀತಲ ಸಮರದ ಕಾಲದಲ್ಲಿ ಸೋವಿಯತ್ ಒಕ್ಕೂಟದ ಈ ಆಕಾಶ ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿತ್ತು. ಯುರೋಪಿನಿಂದ ಜಪಾನಿಗೆ ಹೊರಟವರು ಭಾರತ, ಥಾಯ್ಲೆಂಡ್‌ಗಳ ಕಡೆಯಿಂದ ಸುತ್ತಿಕೊಂಡು ಹೋಗುತ್ತಿದ್ದರು. ಅದು ಎರಡು ದಿನಗಳಿಗೂ ಮಿಕ್ಕಿದ ಪ್ರಯಾಣ. 1957ರ ಫೆಬ್ರವರಿಯಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಕೋಪನ್‌ಹೇಗನ್‌ನಿಂದ ಅಲಾಸ್ಕಾದ ಆಂಕರೇಜ್ ಮೂಲಕ ಟೋಕಿಯೋಗೆ ಧ್ರುವದ ದಾರಿ ತೆರೆಯಿತು. ಪ್ರಯಾಣ ಸುಮಾರು 32 ಗಂಟೆಗಳಿಗೆ ಇಳಿಯಿತು. 1983ರ ಏಪ್ರಿಲ್‌ನಲ್ಲಿ ಫಿನ್ನೇರ್ ಸಂಸ್ಥೆಯ ಡಿಸಿ-10 ವಿಮಾನ ಹೆಲ್ಸಿಂಕಿಯಿಂದ ಹೊರಟು, ಉತ್ತರ ಧ್ರುವ ಮತ್ತು ಬೇರಿಂಗ್ ಜಲಸಂಧಿಯ ಮೇಲೆ ಹಾರಿ, ಎಲ್ಲೂ ನಿಲ್ಲದೆ ಟೋಕಿಯೋ ತಲುಪಿತು. ತಗುಲಿದ ಸಮಯ ಸುಮಾರು 13 ಗಂಟೆ.

ಮುಚ್ಚಿದ ಆಕಾಶ ಎಷ್ಟು ಅಪಾಯಕಾರಿ ಎಂಬುದು ಅದೇ ವರ್ಷ ಜಗತ್ತಿಗೆ ತಿಳಿಯಿತು. ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶ ಹೊಕ್ಕ ದಕ್ಷಿಣ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಯುದ್ಧವಿಮಾನ ಹೊಡೆದುರುಳಿಸಿತು. ಅದರಲ್ಲಿದ್ದ 269 ಮಂದಿಯಲ್ಲಿ ಯಾರೂ ಉಳಿಯಲಿಲ್ಲ.

ಮುಂದೆ ಶೀತಲ ಸಮರ ಕೊನೆಗೊಂಡು ಸೈಬೀರಿಯಾದ ದಾರಿ ತೆರೆದಾಗ ಪ್ರಯಾಣ ಒಂಬತ್ತೂವರೆ ಗಂಟೆಗಳಷ್ಟಾಯಿತು. ಮೂರೂವರೆ ಗಂಟೆ ಉಳಿಸಿಕೊಟ್ಟದ್ದು ಹೊಸ ಎಂಜಿನ್ನಲ್ಲ, ಬದಲಾದ ರಾಜಕೀಯ. ಹೆಲ್ಸಿಂಕಿ ವಿಮಾನ ನಿಲ್ದಾಣವು ಯುರೋಪಿನಿಂದ ಏಷ್ಯಾಕ್ಕೆ ಹೆಬ್ಬಾಗಿಲಾಗಿ ಬೆಳೆದದ್ದೂ ಈ ದಾರಿಯ ಬಲದಿಂದಲೇ.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ಯುರೋಪ್ ರಷ್ಯಾದ ವಿಮಾನಗಳಿಗೆ, ರಷ್ಯಾ ಯುರೋಪಿನ ವಿಮಾನಗಳಿಗೆ ಆಕಾಶ ಮುಚ್ಚಿದವು. ಮಾರ್ಚ್‌ನಲ್ಲಿ ಫಿನ್ನೇರ್ ಮತ್ತೆ ಧ್ರುವದ ದಾರಿ ಹಿಡಿಯಿತು. ಮತ್ತೆ ಅದೇ 13 ಗಂಟೆ! ಮೂವತ್ತೊಂಬತ್ತು ವರ್ಷಗಳಲ್ಲಿ ವಿಮಾನಗಳು ಎಷ್ಟೋ ಮುಂದುವರಿದಿದ್ದವು, ಗಡಿಯಾರ ಮಾತ್ರ 1983ಕ್ಕೆ ಮರಳಿತು. ಇತ್ತ ನಿರ್ಬಂಧಕ್ಕೊಳಗಾಗದ ಚೀನಾದ ವಿಮಾನಗಳು ಅದೇ ಸೈಬೀರಿಯಾದ ಮೇಲೆ ಹಾರುತ್ತಲೇ ಇದ್ದವು.

ಇದು ನಮಗೆ ಪರಕೀಯ ಕತೆಯೇನಲ್ಲ. 2019ರಲ್ಲಿ ಕೆಲವು ತಿಂಗಳು, ಮತ್ತೆ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶ ಮುಚ್ಚಿದಾಗ, ದೆಹಲಿಯಿಂದ ಪಶ್ಚಿಮಕ್ಕೆ ಹೊರಟ ನಮ್ಮ ವಿಮಾನಗಳೂ ಅರಬ್ಬಿ ಸಮುದ್ರದ ಕಡೆಯಿಂದ ಸುತ್ತಬೇಕಾಯಿತು.

ಬಾಗಿಲು ಮುಚ್ಚುವವರು ಆಳುವವರು. ಹೆಚ್ಚಿನ ಇಂಧನದ ಬೆಲೆ, ಹೆಚ್ಚಿನ ಗಂಟೆಗಳ ದಣಿವು ಬೀಳುವುದು ಮನೆಗೆ ಮರಳುವ ಕಾರ್ಮಿಕನ, ಓದಲು ಹೊರಟ ವಿದ್ಯಾರ್ಥಿಯ ಹೆಗಲ ಮೇಲೆ. ವಿಜ್ಞಾನ ದೂರವನ್ನು ಗೆದ್ದಿರಬಹುದು. ಹಗೆತನವನ್ನು ಗೆಲ್ಲುವ ಕೆಲಸ ಅದರದ್ದಲ್ಲ, ನಮ್ಮದು.