ಅಟ್ಲಾಸ್: ಆಕಾಶದಿಂದ ಕತ್ತಿಗೆ ಇಳಿದ ಹೆಸರು

ಶಾಲೆಯ ಮೆಟ್ಟಿಲು ಹತ್ತಿದವರಿಗೆಲ್ಲ ಅಟ್ಲಾಸ್ ಎಂದರೆ ಭೂಪಟಗಳ ಪುಸ್ತಕ. ಹಿರಿಯರಿಗೆ ಅದು ಸೈಕಲ್ಲಿನ ಹೆಸರೂ ಹೌದು. ಮುಂಬಯಿಯ ಪರೇಲಿನ ಕೆಇಎಂ ಆಸ್ಪತ್ರೆಯ ನರಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಮಾತ್ರ ಅಟ್ಲಾಸ್ ಎಂದರೆ ಕತ್ತಿನ ಮೊದಲನೆಯ ಮೂಳೆ, ತಲೆಬುರುಡೆಗೆ ನೇರ ಕೆಳಗಿರುವುದು.

ಮೂಲದಲ್ಲಿ ಅಟ್ಲಾಸ್ ಗ್ರೀಕ್ ಪುರಾಣದ ದೈತ್ಯ. ಭೂಮಿಯ ಅಂಚಿನಲ್ಲಿ ನಿಂತು ಆಕಾಶ ಹೊರುವುದು ದೇವತೆಗಳ ರಾಜ ಜೀಯಸ್ ಅವನಿಗೆ ವಿಧಿಸಿದ ಶಿಕ್ಷೆ ಎಂದು ಕವಿ ಹೆಸಿಯಡ್ ಹೇಳುತ್ತಾನೆ. ಅವನು ಹೊತ್ತದ್ದು ಭೂಮಿಯನ್ನು ಎಂಬ ನಂಬಿಕೆ ಆಮೇಲೆ ಬೆಳೆದದ್ದು. ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿರುವ ರೋಮನ್ ಕಾಲದ ಶಿಲ್ಪದಲ್ಲಿ ಅವನ ಹೆಗಲ ಮೇಲೊಂದು ಗೋಳವಿದೆ. ಅದರ ಮೇಲೆ ಕೊರೆದಿರುವುದು ದೇಶಗಳನ್ನಲ್ಲ, ನಕ್ಷತ್ರಪುಂಜಗಳನ್ನು. ಭೂಪಟಗಳ ಸಂಗ್ರಹಕ್ಕೆ ಈ ಹೆಸರು ಬಂದದ್ದು 1595ರಲ್ಲಿ ಪ್ರಕಟವಾದ ಭೂಪಟಕಾರ ಮರ್ಕೇಟರನ ಪುಸ್ತಕದಿಂದ. ಅವನ ಮನಸ್ಸಿನಲ್ಲಿದ್ದವನು ದೈತ್ಯನಲ್ಲ, ಅದೇ ಹೆಸರಿನ ಒಬ್ಬ ಪಂಡಿತ ರಾಜ. ಓದುಗರ ನೆನಪಿನಲ್ಲಿ ಉಳಿದವನು ದೈತ್ಯನೇ.

ಈ ಹೆಸರಿನ ಬೇರಿನಲ್ಲಿ ‘ಹೊರು, ತಾಳು’ ಎಂಬ ಅರ್ಥದ ಧಾತು ಇದೆ ಎಂಬುದು ಹಳೆಯ ವಿವರಣೆ. ಗ್ರೀಕರಿಗೂ ಹಿಂದಿನ ಯಾವುದೋ ನುಡಿಯ ಪದ ಇದು ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಹಳೆಯ ವಿವರಣೆಯನ್ನು ಒಪ್ಪಿದರೆ ಅಟ್ಲಾಸನಿಗೆ ನಮ್ಮಲ್ಲೂ ನೆಂಟರು ಸಿಗುತ್ತಾರೆ. ಅದೇ ಧಾತುವಿನಿಂದ ಸಂಸ್ಕೃತದ ‘ತುಲಾ’ ಹುಟ್ಟಿತು. ಎತ್ತಿ ಹಿಡಿದು ತೂಗುವ ತಕ್ಕಡಿ ಅದು. ಎರಡನ್ನು ಎದುರುಬದುರಿಟ್ಟು ನೋಡುವ ನಮ್ಮ ‘ತುಲನೆ’ ಅದರ ಕುಡಿ.

ತಲೆ ಹೊರುವ ಮೂಳೆಗೆ ಆಕಾಶ ಹೊತ್ತವನ ಹೆಸರು ಬಂತು. ಹೊರುವ ಕೆಲಸವನ್ನು ಕತ್ತಿಗೆ ವಹಿಸಿದ್ದು ಆ ಹೆಸರು ಮಾತ್ರವಲ್ಲ. ಅಮರಕೋಶ ಕತ್ತಿಗೆ ಕೊಡುವ ಹೆಸರುಗಳಲ್ಲಿ ‘ಕಂಧರಾ’ ಒಂದು. ‘ಕಂ’ ಎಂದರೆ ತಲೆ, ಅದನ್ನು ಧರಿಸಿದ್ದು ಕಂಧರ ಎಂದು ವ್ಯಾಖ್ಯಾನಕಾರರು ಬಿಡಿಸುತ್ತಾರೆ. ‘ಕಂ’ ನೀರೂ ಆಗುವುದರಿಂದ ಮೋಡವೂ ಕಂಧರವೇ. ಕನ್ನಡ ಕಾವ್ಯ ಓದಿದವರಿಗೆ ದಶಕಂಧರನ, ಅಂದರೆ ರಾವಣನ, ಪರಿಚಯ ಹೊಸದಲ್ಲ. ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಘಾರಾಪುರಿಗೆ ಹೋದರೆ ಎಲಿಫೆಂಟಾ ಗುಹೆಯ ಗೋಡೆಯಲ್ಲಿ ಆತ ಕೈಲಾಸವನ್ನು ಎತ್ತಲು ಹೆಣಗುತ್ತಿರುವುದು ಕಾಣುತ್ತದೆ. ಹಿಂದಿಯ ‘ಕಂಧಾ’ ಮಾತ್ರ ಬೇರೆ ಬಳಗದ್ದು. ಅದು ‘ಸ್ಕಂಧ’ದಿಂದ ಬಂದ ಹೆಗಲು.

ಅಟ್ಲಾಸಿನ ಕೆಳಗಿನ ಮೂಳೆಗೆ ವೈದ್ಯರು ಆಕ್ಸಿಸ್ ಎನ್ನುತ್ತಾರೆ. ಲ್ಯಾಟಿನ್ನಿನ ಆಕ್ಸಿಸ್ ಮತ್ತು ನಮ್ಮ ‘ಅಕ್ಷ’ ಒಡಹುಟ್ಟಿದವು. ಎರಡಕ್ಕೂ ಗಾಡಿಯ ಅಚ್ಚು ಎಂಬ ಅರ್ಥವಿತ್ತು. ಆ ಮೂಳೆಯಿಂದ ಮೇಲೆದ್ದ ಗೂಟ ಓಡಾಂಟಾಯ್ಡ್, ಅಂದರೆ ಹಲ್ಲಿನಂಥದ್ದು. ಗ್ರೀಕಿನ ಆ ಹಲ್ಲು ಸಂಸ್ಕೃತದ ‘ದಂತ’ಕ್ಕೆ ದಾಯಾದಿ. ಗೂಟ ಅಟ್ಲಾಸಿನ ಬಳೆಯೊಳಗೆ ಮುಂಭಾಗಕ್ಕೆ ಒರಗಿ ನಿಂತಿರುತ್ತದೆ. ಅದನ್ನು ಅಲ್ಲಿ ಹಿಡಿದಿಡುವುದು ಒಂದು ಅಡ್ಡ ತಂತುಕಟ್ಟು. ಅದರ ಹಿಂದೆಯೇ ಬೆನ್ನುಹುರಿ. ತಲೆಯನ್ನು ಅತ್ತಿತ್ತ ತಿರುಗಿಸುವಾಗ ಕತ್ತಿನ ಒಟ್ಟು ತಿರುವಿನಲ್ಲಿ ಸುಮಾರು ಅರ್ಧದಷ್ಟು ನಡೆಯುವುದು ಈ ಎರಡು ಮೂಳೆಗಳ ನಡುವೆ.

ಪೆಟ್ಟು, ಸಂಧಿವಾತ, ಕ್ಷಯ ಅಥವಾ ಹುಟ್ಟಿನಿಂದ ಬಂದ ದೋಷದಿಂದ ಈ ಕೀಲು ತಪ್ಪಿದರೆ ಬೆನ್ನುಹುರಿ ಒತ್ತಡಕ್ಕೆ ಸಿಗುತ್ತದೆ. ಕೈಕಾಲಿನ ಬಲ ಕುಗ್ಗುತ್ತದೆ, ನಡಿಗೆ ತಪ್ಪುತ್ತದೆ. ಇದನ್ನು ಸರಿಪಡಿಸುವ ಯತ್ನಗಳಿಗೂ ದೀರ್ಘ ಚರಿತ್ರೆಯಿದೆ. 1910ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಆಸ್ಗುಡ್ ರೇಷ್ಮೆ ದಾರದಿಂದ ಎರಡು ಮೂಳೆಗಳನ್ನು ಹಿಂಬದಿಯಲ್ಲಿ ಕಟ್ಟಿದರು. 1939ರಲ್ಲಿ ಕೆನಡಾದ ಗ್ಯಾಲಿ ತಂತಿಯ ವಿಧಾನವನ್ನು ಪ್ರಕಟಿಸಿದರು. ತಂತಿ ಸುಲಭ, ಆದರೆ ತಿರುಗುವ ಚಲನೆಯನ್ನು ಚೆನ್ನಾಗಿ ತಡೆಯದು. ಕಟ್ಟಲು ಮೂಳೆಯ ಹಿಂಬದಿಯ ಕಮಾನೂ ಗಟ್ಟಿಯಾಗಿರಬೇಕು. 1987ರಲ್ಲಿ ಮ್ಯಾಗರ್ಲ್ ಪ್ರಕಟಿಸಿದ ವಿಧಾನದಲ್ಲಿ ಒಂದು ಪಕ್ಕಕ್ಕೆ ಒಂದೇ ಸ್ಕ್ರೂ ಎರಡೂ ಮೂಳೆಗಳನ್ನು ಹಾದುಹೋಗುತ್ತದೆ. ಹಿಡಿತ ಬಹಳ ಬಲವಾದದ್ದು. ಆದರೆ ಜಾರಿದ ಮೂಳೆಯನ್ನು ಮೊದಲೇ ಸ್ಥಾನಕ್ಕೆ ತಂದಿರಬೇಕು. ಮಿದುಳಿಗೆ ರಕ್ತ ಒಯ್ಯುವ ವರ್ಟಿಬ್ರಲ್ ಅಪಧಮನಿ ಸ್ಕ್ರೂವಿನ ದಾರಿಗೆ ಅಡ್ಡ ಬಂದರೆ ಈ ವಿಧಾನ ಆಗದು. ಬಾಯಿಯ ಮೂಲಕ ಹೋಗಿ ಗೂಟವನ್ನೇ ಕೊರೆದು ತೆಗೆಯುವ ದಾರಿಯೂ ಉಂಟು. ಅದರಿಂದ ಒತ್ತಡ ಇಳಿಯುತ್ತದೆ, ಕೀಲು ಭದ್ರವಾಗುವುದಿಲ್ಲ. ಸಾಮಾನ್ಯವಾಗಿ ಹಿಂದಿನಿಂದ ಇನ್ನೊಂದು ಶಸ್ತ್ರಕ್ರಿಯೆ ಬೇಕಾಗುತ್ತದೆ. ಬಾಯಿಯ ಸೋಂಕಿನ ಭಯ ಬೇರೆ.

ಈ ಚರಿತ್ರೆಯ ದಿಕ್ಕು ಬದಲಿಸಿದ್ದು ಪರೇಲು. ಕೆಇಎಂನ ಅತುಲ್ ಗೋಯಲ್ 1994ರಲ್ಲಿ ಲಹೇರಿ ಅವರೊಂದಿಗೆ ಪ್ರಕಟಿಸಿದ ವಿಧಾನದಲ್ಲಿ ಅಟ್ಲಾಸಿನ ಪಕ್ಕದ ದಪ್ಪ ಭಾಗಕ್ಕೆ ಒಂದು ಸ್ಕ್ರೂ, ಆಕ್ಸಿಸ್‌ಗೆ ಇನ್ನೊಂದು; ಎರಡನ್ನೂ ಲೋಹದ ಪಟ್ಟಿ ಜೋಡಿಸುತ್ತದೆ. ಸ್ಕ್ರೂಗಳು ಬೇರೆಬೇರೆ ಇರುವುದರಿಂದ ಜಾರಿದ ಮೂಳೆಯನ್ನು ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ಸರಿಪಡಿಸಬಹುದು. ಎರಡು ಮೂಳೆಗಳು ಬೆಸೆದುಕೊಳ್ಳಲೆಂದು ಕೀಲನ್ನೇ ಬಿಚ್ಚಿ ಮೃದ್ವಸ್ಥಿ ಕೆರೆದು ಅಲ್ಲಿ ಮೂಳೆಯ ಚೂರು ತುಂಬುತ್ತಾರೆ. ಕೀಲಿನ ಸುತ್ತಲಿನ ಅಭಿಧಮನಿಗಳಿಂದ ರಕ್ತಸ್ರಾವ, ಕತ್ತಿನ ಎರಡನೆಯ ನರದ ಗಂಟು ಕತ್ತರಿಸಿದರೆ ತಲೆಯ ಹಿಂಭಾಗದಲ್ಲಿ ಮರವಟ್ಟುವಿಕೆ, ಇವು ಇದರ ಬೆಲೆ. 2001ರಲ್ಲಿ ಜರ್ಮನಿಯ ಹಾರ್ಮ್ಸ್ ಮತ್ತು ಮೆಲ್ಚರ್ ಪಟ್ಟಿಯ ಬದಲು ಸರಳು ಬಳಸಿದರು. ಇಂದು ಇದನ್ನು ಗೋಯಲ್–ಹಾರ್ಮ್ಸ್ ವಿಧಾನ ಎಂದೂ ಕರೆಯುತ್ತಾರೆ.

ಈ ವಿಧಾನಗಳನ್ನು ತುಲನೆ ಮಾಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಅಟ್ಲಾಸ್ ಎಂಬ ಹೆಸರು ಒಂಟಿಯಾಗಿ ಭಾರ ಹೊತ್ತವನನ್ನು ನೆನಪಿಸುತ್ತದೆ. ಆದರೆ ಇಲ್ಲಿ ಕೆಡುವುದು ಹೊರುವ ಬಲವಲ್ಲ, ಪಕ್ಕದ ಮೂಳೆಯೊಂದಿಗಿನ ಹಿಡಿತ. ಹಿಂಬದಿಯ ಕಮಾನುಗಳನ್ನು ಕಟ್ಟುತ್ತಿದ್ದ ಕಾಲ ಹೋಗಿ ಕೀಲಿಗೇ ಕೈಹಾಕುವ ಕಾಲ ಬಂದದ್ದು ಅದಕ್ಕೇ. ಯಾವ ಸ್ಕ್ರೂ ಹಾಕಿದರೂ, ಕೀಲು ಬೆಸೆದ ಮೇಲೆ ಆ ಎರಡು ಮೂಳೆಗಳ ನಡುವಿನ ತಿರುವು ಮಾತ್ರ ಮರಳಿ ಬಾರದು. ಆದ್ದರಿಂದ ಕ್ಷೌರದಂಗಡಿಯಲ್ಲಿ ಯಾರಾದರೂ ಗದ್ದ ಹಿಡಿದು ಕತ್ತಿನ ನೆಟಿಗೆ ಮುರಿಯಲು ಬಂದರೆ ಬೇಡವೆನ್ನಿ. ಬಿದ್ದ ಮೇಲೆ ಕತ್ತು ನೋವಿನ ಜೊತೆ ಕೈಕಾಲು ಜೋಮು ಹಿಡಿದರೆ ಎಣ್ಣೆ ತಿಕ್ಕಿಸುತ್ತಾ ಕೂರಬೇಡಿ, ಕತ್ತು ಅಲುಗದಂತೆ ನೋಡಿಕೊಂಡು ನೇರ ಆಸ್ಪತ್ರೆಗೆ ಹೋಗಿ.